ದಶೈನ್‌ಗೆ ಊರಿಗೆ ಹೊರಟ ‘ಅನಾಥ’ ಮಕ್ಕಳು

ನೇಪಾಳದ ಅನಾಥಾಲಯವೊಂದರಲ್ಲಿ ಒಂದಿಷ್ಟು ಕಾಲ ಕೆಲಸ ಮಾಡಿ ಬರೋಣ ಎಂದು 2019ರಲ್ಲಿ ಹೊರಟಾಗ ನನಗೆ ಬ್ಯಾಂಕಿನಿಂದ ನಿವೃತ್ತಿಯಾಗಿ ವರ್ಷವೂ ತುಂಬಿರಲಿಲ್ಲ. ದಾವಣಗೆರೆಯ ಮನೆಯಲ್ಲಿ ಕೂತು ಇಂಟರ್ನೆಟ್ ಜಾಲಾಡಿದರೆ ಇಂಥ ಸೇವೆಗೆ ಕರೆದೊಯ್ಯುವ ಏಜೆನ್ಸಿಗಳಿಗೆ ಬರವಿಲ್ಲ. ಒಂದಕ್ಕೆ ಬರೆದೆ. ಅರ್ಧ ಗಂಟೆಯೊಳಗೆ ಉತ್ತರ ಬಂತು: ವಾರಕ್ಕೆ ಇಷ್ಟು ಡಾಲರ್, ವಿಮಾನ ನಿಲ್ದಾಣದಿಂದ ಪಿಕಪ್, ವಾರಾಂತ್ಯಕ್ಕೆ ತ್ರಿಶೂಲಿ ನದಿಯಲ್ಲಿ ರಾಫ್ಟಿಂಗ್, ಕೊನೆಗೊಂದು ಸರ್ಟಿಫಿಕೇಟ್. ನನ್ನ ಬಗ್ಗೆ ಅವರು ಕೇಳಿದ್ದು ಒಂದೇ ಒಂದು ಪ್ರಶ್ನೆ, ಟೀ ಶರ್ಟ್ ಅಳತೆ. ಸಹಿ ಚೂರು ಓರೆಯಾದರೂ ಚೆಕ್ ವಾಪಸ್ ಕಳಿಸಿ ಜೀವಮಾನವೆಲ್ಲ ಸಂಬಳ ಎಣಿಸಿದವಳು ನಾನು. ಮಕ್ಕಳಿರುವ ಮನೆಯೊಳಗೆ ಗುರುತು ಪರಿಚಯವಿಲ್ಲದವಳನ್ನು ಬಿಟ್ಟುಕೊಳ್ಳಲು ಟೀ ಶರ್ಟ್ ಅಳತೆ ಸಾಕು ಅನ್ನುವುದು ಯಾಕೋ ಸರಿಬರಲಿಲ್ಲ.

ಬೆಂಗಳೂರಿನ ಪರಿಚಯದವರೊಬ್ಬರ ಮೂಲಕ ಸಿಕ್ಕ ಎರಡನೇ ಜಾಗ ಇದಕ್ಕೆ ತದ್ವಿರುದ್ಧ. ಲಲಿತಪುರ ಜಿಲ್ಲೆಯ ಸಣ್ಣದೊಂದು ಬಾಲಗೃಹ. ಅದನ್ನು ನಡೆಸುವ ದೀದಿ ಫೋನಿನಲ್ಲಿ ಹಿಂದಿಯಲ್ಲಿ ನನ್ನ ಜಾತಕವನ್ನೇ ಕೆದಕಿದರು. ಪೊಲೀಸ್ ಪರಿಶೀಲನಾ ಪತ್ರ ಬೇಕು, ಜೊತೆಗೆ ಕೆಲಸ ಮಾಡಿದ ಇಬ್ಬರ ಪತ್ರ ಬೇಕು, ಎರಡು ತಿಂಗಳಿಗಿಂತ ಕಡಿಮೆ ಇರುವುದಾದರೆ ಬರುವುದೇ ಬೇಡ. ಮಕ್ಕಳ ಫೋಟೊ ತೆಗೆಯುವ ಹಾಗಿಲ್ಲ, ಒಬ್ಬರಿಗೆ ಮಾತ್ರ ಏನಾದರೂ ಕೊಡಿಸುವ ಹಾಗಿಲ್ಲ, ಮಲಗುವ ಕೋಣೆಗೆ ಹೋಗುವ ಹಾಗಿಲ್ಲ, ‘ಮತ್ತೆ ಬರ್ತೀನಿ’ ಎಂದು ಮಾತು ಕೊಡುವ ಹಾಗಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ, “ಮಕ್ಕಳನ್ನು ಆಡಿಸೋಕೆ ನಮಗೆ ಯಾರೂ ಬೇಡ. ದೇವನಾಗರಿ ಓದೋಕೆ ಬರುತ್ತಾ? ಹಳೇ ಕಡತಗಳನ್ನು ಕಂಪ್ಯೂಟರಿಗೆ ಹಾಕೋರು ಬೇಕು” ಅಂದರು. ಶಾಲೆಯಲ್ಲಿ ಕಲಿತ ಹಿಂದಿ ಅರವತ್ತರ ಹೊಸ್ತಿಲಲ್ಲಿ ಉಪಯೋಗಕ್ಕೆ ಬಂತು.

ಠಾಣೆಯಲ್ಲಿ ಪೊಲೀಸ್ ಪತ್ರಕ್ಕೆ ಅರ್ಜಿ ಕೊಟ್ಟಾಗ “ಫಾರಿನ್ನಾ ಮೇಡಂ? ಸಂಬಳ ಎಷ್ಟು?” ಎಂದು ಕೇಳಿದರು. ಸಂಬಳವಿಲ್ಲ ಎಂದಿದ್ದಕ್ಕೆ ಅವರ ಮುಖದಲ್ಲಿ ಹುಟ್ಟಿದ ಅನುಮಾನವನ್ನು ನಾನು ಮರೆಯಲಾರೆ. ಉಳಿದಂತೆ ನಮಗೆ ನೇಪಾಳ ಸುಲಭ. 1950ರ ಒಪ್ಪಂದದಿಂದಾಗಿ ಭಾರತೀಯರಿಗೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಬೇರೆ ದೇಶದವರ ಕಥೆ ಹಾಗಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಆದರೂ ಎಷ್ಟೋ ಏಜೆನ್ಸಿಗಳು ಅದೇ ವೀಸಾದಲ್ಲೇ ಜನರನ್ನು ಕರೆತರುತ್ತವೆ.

ವಿಮಾನ ಬಿಟ್ಟು ರೈಲು ಹಿಡಿದೆ. ಯಶವಂತಪುರದಿಂದ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ. ಅಲ್ಲಿ ಗಡಿ ಎಂದರೆ ಒಂದು ಕಮಾನು, ಲಾರಿಗಳ ಸಾಲು, ಧೂಳು. ನಡೆದುಕೊಂಡೇ ದಾಟಿ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿದೆ. ಆಗ ಅಲ್ಲಿ ನಮ್ಮ ನೂರು ರೂಪಾಯಿಗಿಂತ ದೊಡ್ಡ ನೋಟು ನಡೆಯುತ್ತಿರಲಿಲ್ಲ; ಹಳೇ ಸಹೋದ್ಯೋಗಿ ಕ್ಯಾಷಿಯರ್ ಕಟ್ಟಿಕೊಟ್ಟ ನೂರರ ಕಂತೆಗಳು ಸೊಂಟದ ಚೀಲದಲ್ಲಿದ್ದವು. ನಮ್ಮ ನೂರಕ್ಕೆ ಅವರ ನೂರ ಅರವತ್ತು, 1993ರಿಂದ ಇದೇ ದರ. ಅಂಗಡಿಯವರು ಬೆಲೆ ಹೇಳಿದ ಕೂಡಲೇ “ಐಸಿನಾ ಎನ್‌ಸಿನಾ?” ಎಂದು ಕೇಳಿಕೊಳ್ಳಬೇಕು. ಭಾರತದ ದುಡ್ಡೋ ನೇಪಾಳದ ದುಡ್ಡೋ ಎಂದು.

ಭೈರಹವಾ ಊರಿಂದ ಲುಂಬಿನಿ ಒಂದು ಗಂಟೆಯ ದಾರಿ. ಬಿಡಲು ಮನಸ್ಸಾಗಲಿಲ್ಲ. ಮಾಯಾದೇವಿ ಗುಡಿಯ ಪಕ್ಕ ಬೇಲಿಯೊಳಗೆ ಅಶೋಕನ ಕಂಬ ನಿಂತಿದೆ. ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಬಂಡೆಯ ಮೇಲಿರುವ ಅದೇ ಬ್ರಾಹ್ಮಿ ಲಿಪಿ. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ ರಾಜ ಇಲ್ಲಿಗೆ ಬಂದ, ಬುದ್ಧ ಹುಟ್ಟಿದ ಜಾಗವೆಂದು ಊರಿಗೆ ಕಂದಾಯ ಮಾಫಿ ಮಾಡಿದ, ಬೆಳೆಯ ಎಂಟನೇ ಒಂದು ಪಾಲು ಮಾತ್ರ ಕೊಟ್ಟರೆ ಸಾಕೆಂದ ಎಂದು ಅದು ಹೇಳುತ್ತದೆ. ಸುತ್ತ ಭಿಕ್ಷುಗಳು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು. ನಾನು ಸಾಲ ಮನ್ನಾ ಸುತ್ತೋಲೆ ಓದಿದಷ್ಟೇ ಶ್ರದ್ಧೆಯಿಂದ ಪಕ್ಕದ ಫಲಕದಲ್ಲಿದ್ದ ಅನುವಾದವನ್ನು ಎರಡು ಸಲ ಓದಿದೆ.

ಬಾಲಗೃಹ ಇದ್ದದ್ದು ಪಾಟನ್ ಪಟ್ಟಣದಾಚೆ, ಭತ್ತದ ಗದ್ದೆಗಳಿಗೆ ಅಂಟಿಕೊಂಡ ಮೂರಂತಸ್ತಿನ ಇಟ್ಟಿಗೆ ಮನೆಯಲ್ಲಿ. ಮೊದಲ ದಿನ ಗೇಟಿನೊಳಗೆ ಕಾಲಿಟ್ಟಿದ್ದೇ ತಡ, ಐದಾರು ವರ್ಷದ ಹುಡುಗಿಯೊಬ್ಬಳು ಓಡಿಬಂದು ನನ್ನ ಸೆರಗು ಹಿಡಿದಳು. ಕೂತ ಕೂಡಲೇ ತೊಡೆ ಏರಿದಳು. ನನ್ನ ಹೆಸರು ಕೇಳಲಿಲ್ಲ, ಮುಖವನ್ನೂ ಸರಿಯಾಗಿ ನೋಡಲಿಲ್ಲ. ನನಗೋ ಕಣ್ಣು ತುಂಬಿ ಬಂತು. ದೀದಿ ಮೆಲ್ಲಗೆ ಮಗುವನ್ನು ಇಳಿಸಿ ಅಡುಗೆಮನೆಗೆ ಕಳಿಸಿದರು. ಆಮೇಲೆ ಚಹಾ ಕೊಡುತ್ತ ಹೇಳಿದರು: “ಇದನ್ನು ಪ್ರೀತಿ ಅಂದುಕೊಂಡು ಎಲ್ಲರೂ ಫೋಟೊ ತೆಗೆಸಿಕೊಳ್ತಾರೆ. ನಿಮ್ಮ ಮೊಮ್ಮಗಳು ದಾರೀಲಿ ಹೋಗೋರ ತೊಡೆ ಹತ್ತುತ್ತಾಳಾ? ಇವರ ಹಳೇ ನಿಲಯದಲ್ಲಿ ಹದಿನೈದು ದಿನಕ್ಕೊಬ್ಬರು ಬಂದು ಮುದ್ದು ಮಾಡಿ ಹೋಗ್ತಿದ್ದರು. ಸಿಕ್ಕಷ್ಟು ಹೊತ್ತು ಹಿಡ್ಕೊಳ್ಳೋದು ರೂಢಿಯಾಗಿದೆ.” ನಾನು ಮರುಮಾತಾಡಲಿಲ್ಲ. ಅಂದಿನಿಂದ ನನ್ನ ಮೇಜು ಮಹಡಿ ಮೇಲಿನ ಆಫೀಸಿನಲ್ಲಿ, ಮಕ್ಕಳ ಕೋಣೆಗಳಿಂದ ದೂರ.

ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಬೆಳಕು ಹರಿಯುವ ಮುಂಚೆ ಏಳುವುದು, ಚಹಾ, ಓದು, ಒಂಬತ್ತಕ್ಕೆಲ್ಲ ದಾಲ್ ಭಾತ್. ಹೊಟ್ಟೆ ತುಂಬ ಅನ್ನ ಉಂಡು ಹತ್ತಕ್ಕೆ ಶಾಲೆ. ಸಂಜೆ ‘ಚಿಉರಾ’ ಎಂಬ ಅವಲಕ್ಕಿ, ಕಡಲೆ. ರಾತ್ರಿ ಮತ್ತೆ ದಾಲ್ ಭಾತ್. ಬೆಳಗಿನ ತಿಂಡಿ ಎಂಬುದು ಇಲ್ಲದ ದೇಶದಲ್ಲಿ ದಾವಣಗೆರೆಯವಳು ಬದುಕುವುದು ಹೇಗೆ ಹೇಳಿ! ಆಗ ಅಲ್ಲಿ ವಾರದ ರಜೆ ಶನಿವಾರ ಮಾತ್ರ, ಭಾನುವಾರ ಎಲ್ಲರೂ ಕೆಲಸಕ್ಕೆ. ಹಾಗಾಗಿ ಶನಿವಾರದ ಅಡುಗೆಮನೆಯಲ್ಲಿ ನನಗೊಂದು ಪಾಳಿ ಕೊಟ್ಟರು. ಅಂಗಡಿಯಲ್ಲಿ ‘ಭುಜಾ’ ಎಂದು ಮಾರುವ ಮಂಡಕ್ಕಿ ತಂದು, ಒಗ್ಗರಣೆ ಹಾಕಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಕರಿದೆ. ಖಾರಕ್ಕೆ ಮೂಗು ಸುರಿಸಿಕೊಂಡು ಮಕ್ಕಳು ಇನ್ನೊಂದು ಇನ್ನೊಂದು ಎಂದರು. ನನ್ನ ಸೇವೆಯಲ್ಲಿ ಮಕ್ಕಳಿಗೆ ನೇರವಾಗಿ ತಲುಪಿದ್ದು ಹೆಚ್ಚುಕಡಿಮೆ ಇಷ್ಟೇ.

ಉಳಿದದ್ದೆಲ್ಲ ಕಡತ. ಕೆಂಪು ಬಟ್ಟೆಯಲ್ಲಿ ಕಟ್ಟಿದ ರಿಜಿಸ್ಟರುಗಳು, ವಾರ್ಡ್ ಕಚೇರಿಯ ಶಿಫಾರಸು ಪತ್ರಗಳು, ಮೂಲೆ ತಿಂದುಹೋದ ಫೋಟೊಗಳು. ಮೊದಲ ತಲೆನೋವು ತಾರೀಖು. ನೇಪಾಳದ ಸರ್ಕಾರಿ ಕಾಗದವೆಲ್ಲ ವಿಕ್ರಮ ಶಕೆಯಲ್ಲಿ. ನಮ್ಮ 2019ರ ಅಕ್ಟೋಬರ್ ಅವರಿಗೆ 2076ರ ಅಸೋಜ್. ಅವರ ತಿಂಗಳಿಗೆ 29ರಿಂದ 32ರವರೆಗೆ ಎಷ್ಟಾದರೂ ದಿನ ಇರಬಹುದು, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೂತ್ರ ಹಾಕಿ ಲೆಕ್ಕ ಮಾಡಲಾಗದು, ಪಟ್ಟಿ ನೋಡಿಯೇ ಪರಿವರ್ತಿಸಬೇಕು. ಅದು ಕೈಗೆ ಹತ್ತುವಷ್ಟರಲ್ಲಿ ಬೇರೆ ಸಂಗತಿ ಕಣ್ಣಿಗೆ ಬಿತ್ತು. ಸಾಲಾಗಿ ಮಗುವಿನ ಮೇಲೆ ಮಗು ಹುಟ್ಟಿದ್ದು ಬೈಶಾಖ 1ರಂದು, ಅಂದರೆ ಅವರ ಹೊಸವರ್ಷದ ದಿನ. ವರ್ಷ ಮಾತ್ರ ಬೇರೆ. ತಂದೆಯ ಹೆಸರಿನ ಮುಂದೆ ‘ಮೃತ’, ತಾಯಿಯ ಹೆಸರಿನ ಮುಂದೆ ‘ಮೃತ’. ಬೇರೆ ಬೇರೆ ಊರಿನ ಮಕ್ಕಳ ಅರ್ಜಿಗಳಲ್ಲಿ ಒಂದೇ ಕೈಬರಹ, ಒಂದೇ ಪೆನ್ನಿನ ಶಾಯಿ. ಬ್ಯಾಂಕಿನಲ್ಲಿ ಇಂಥ ಅರ್ಜಿಗಳ ಕಟ್ಟು ಬಂದಿದ್ದರೆ ಅದೇ ದಿನ ವಿಜಿಲೆನ್ಸ್‌ಗೆ ಹೋಗುತ್ತಿತ್ತು.

ದೀದಿಗೆ ಇದು ಹೊಸದಲ್ಲ. ಈ ಮಕ್ಕಳು ಮೊದಲಿದ್ದದ್ದು ಸರ್ಕಾರ ಮುಚ್ಚಿಸಿದ ಬೇರೊಂದು ನಿಲಯದಲ್ಲಿ. ಕಾಗದಗಳೂ ಅಲ್ಲಿಂದಲೇ ಬಂದವು. ಅವರು ಬಿಡಿಸಿ ಹೇಳಿದ್ದು ಇಷ್ಟು. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲದಲ್ಲಿ, ಎರಡೂ ಕಡೆಯವರಿಂದ ಮಕ್ಕಳನ್ನು ಉಳಿಸಿಕೊಳ್ಳಲು ಹುಮ್ಲಾ, ಜುಮ್ಲಾದಂಥ ಗುಡ್ಡಗಾಡಿನ ತಂದೆತಾಯಿ ತವಕಿಸುತ್ತಿದ್ದರು. ರಾಜಧಾನಿಯ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ ಎಂದು ದಲ್ಲಾಳಿಗಳು ಬಂದರು. ಹೊಲ ಅಡವಿಟ್ಟು, ಎಮ್ಮೆ ಮಾರಿ ಜನ ದುಡ್ಡು ಕೊಟ್ಟರು. ಮಕ್ಕಳು ಕಠ್ಮಂಡು ಕಣಿವೆಯ ನಿಲಯಗಳನ್ನು ಸೇರುವ ಹೊತ್ತಿಗೆ ಕಾಗದದ ಮೇಲೆ ಅನಾಥರಾಗಿದ್ದರು. ಯುದ್ಧ ನಿಂತಿತು, ವ್ಯಾಪಾರ ನಿಲ್ಲಲಿಲ್ಲ. ಯಾಕೆಂದರೆ ಅನಾಥ ಮಗುವನ್ನು ನೋಡಿದರೆ ದೇಣಿಗೆ ಕೊಡುವ, ವಾರಕ್ಕಿಷ್ಟು ಎಂದು ಕೊಟ್ಟು ಸೇವೆಗೆ ಬರುವ ವಿದೇಶಿಯರಿದ್ದರು. ದೇಶದಲ್ಲಿರುವುದು 77 ಜಿಲ್ಲೆ. ಆದರೆ ನಿಲಯಗಳಲ್ಲಿ ಬಹುಪಾಲು ಕಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತವನ ಈ ಐದರಲ್ಲೇ ಇವೆ. ಪ್ರವಾಸಿಗರು ಹೋಗುವುದೂ ಅಲ್ಲಿಗೇ. ನೇಪಾಳದ ನಿಲಯಗಳಲ್ಲಿರುವ ಮಕ್ಕಳಲ್ಲಿ ಶೇ. 85ರಷ್ಟು ಮಂದಿಗೆ ತಾಯಿ ಅಥವಾ ತಂದೆ, ಒಬ್ಬರಾದರೂ ಬದುಕಿದ್ದಾರೆ ಎಂಬುದು ಯುನಿಸೆಫ್ ಅಂದಾಜು. 2015ರ ಏಪ್ರಿಲ್ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತಾಗ, ಸಂಕಷ್ಟದ ನಡುವೆಯೂ ಸರ್ಕಾರ ಮಾಡಿದ ಒಂದು ಕೆಲಸವೆಂದರೆ ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆ ಸಾಗಿಸುವುದನ್ನು ತಡೆದದ್ದು. ಅಷ್ಟರಮಟ್ಟಿಗೆ ಈ ದಂಧೆ ಎಲ್ಲರಿಗೂ ಗೊತ್ತಿತ್ತು.

ಸುಳ್ಳು ಕಾಗದದ ಪೆಟ್ಟು ಬೀಳುವುದು ಮಗುವಿಗೆ 16 ತುಂಬಿದಾಗ. ನೇಪಾಳದಲ್ಲಿ ಆ ವಯಸ್ಸಿಗೆ ‘ನಾಗರಿಕತಾ’, ಅಂದರೆ ಪೌರತ್ವ ಪತ್ರ ಮಾಡಿಸಬೇಕು, ಅದಕ್ಕೆ ತಂದೆ ಅಥವಾ ತಾಯಿಯ ಪತ್ರ ತೋರಿಸಬೇಕು. ಹೆಸರೇ ಬದಲಾದವರು, ಕಾಗದದಲ್ಲಿ ಹೆತ್ತವರನ್ನು ಕಳಕೊಂಡವರು ಏನು ತೋರಿಸುತ್ತಾರೆ? ಆ ಪತ್ರವಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ನೌಕರಿಯಿಲ್ಲ. ಇದು ಅರ್ಥವಾದ ಮೇಲೆ ನನ್ನ ಶೀಟಿನ ರೂಪವೇ ಬದಲಾಯಿತು. ಪ್ರತಿ ಮಗುವಿನ ಎದುರು ಎರಡು ಕಾಲಂ: ಕಾಗದದಲ್ಲಿ ಏನಿದೆ, ಹುಡುಕಿದಾಗ ಏನು ಸಿಕ್ಕಿತು. ಬಾಲಗೃಹದ ಸಮಾಜ ಕಾರ್ಯಕರ್ತ ಹುಡುಗ ಊರೂರು ನಡೆದು ತಂದ ನೋಟ್‌ಬುಕ್ಕಿನಿಂದ ಎರಡನೇ ಕಾಲಂ ತುಂಬಬೇಕಿತ್ತು. “ತಾಯಿ ಇದ್ದಾಳೆ, ಮರುಮದುವೆ.” “ಅಜ್ಜ, ಕಣ್ಣು ಕಾಣದು.” “ತಂದೆ ಕತಾರಿನಲ್ಲಿ, ನಂಬರ್ ಇದೆ.” ಅವನ ಅಕ್ಷರ ಕಾಗೆಕಾಲು, ಒಂದೊಂದು ಸಾಲಿಗೂ ಅವನನ್ನೇ ಕರೆದು ಕೇಳಬೇಕು.

ಬಿಡುವಿನ ಶನಿವಾರಗಳಲ್ಲಿ ಕಣಿವೆ ಸುತ್ತಿದೆ. ಹತ್ತಿರದ್ದು ಪಾಟನ್. ಅಲ್ಲಿನ ಕೃಷ್ಣ ಮಂದಿರವನ್ನು 1637ರಲ್ಲಿ ರಾಜ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ್ದು. ಸುತ್ತಲೂ ಇಟ್ಟಿಗೆ, ಮರದ ಗುಡಿಗಳಿರುವಾಗ ಇದು ಪೂರಾ ಕಲ್ಲಿನದು. ಮೊದಲ ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತ, ಮೇಲಿನದರಲ್ಲಿ ರಾಮಾಯಣ, ಒಂದೊಂದು ದೃಶ್ಯವೂ ಗೇಣುದ್ದ. ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯ ಮಂಟಪದ ಹೊರಗೋಡೆಯಲ್ಲಿ ಇದೇ ಕಥೆಗಳನ್ನು ಬೆರಳಿಟ್ಟು ಗುರುತಿಸುತ್ತ ಬೆಳೆದವಳಿಗೆ ಇಲ್ಲಿ ಗೈಡ್ ಬೇಕಾಗಲಿಲ್ಲ.

ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. 2008ರ ಕೊನೆಯಲ್ಲಿ ಮಾವೋವಾದಿ ಸರ್ಕಾರ ಅವರ ಬದಲಿಗೆ ನೇಪಾಳಿ ಅರ್ಚಕರನ್ನು ನೇಮಿಸಿ, ಗಲಾಟೆಯಾಗಿ, ಕೋರ್ಟಿಗೂ ಹೋಗಿ, ಕೊನೆಗೆ ಹಿಂದೆ ಸರಿಯಿತು. ಸಾಲಿನಲ್ಲಿ ನಿಂತು ನಾಲ್ಕು ಮುಖದ ಲಿಂಗ ನೋಡಿದೆ, ರುದ್ರ ಕೇಳಿತು. ಮಾತಾಡಿಸಲು ಪುರುಸೊತ್ತಿಲ್ಲದ ಜಾಗ ಅದು. ಹಿಂದುಗಡೆ ಬಾಗಮತಿ ದಡದಲ್ಲಿ ಒಂದರ ಪಕ್ಕ ಒಂದು ಚಿತೆ ಉರಿಯುತ್ತಿದ್ದವು. ಆಚೆ ದಡದ ಮೆಟ್ಟಿಲಲ್ಲಿ ಕೂತ ಪ್ರವಾಸಿಗರು ಅದನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಭಕ್ತಪುರ ಮಾತ್ರ ಮೂರು ಊರುಗಳಲ್ಲೂ ನನಗೆ ಹೆಚ್ಚು ಹಿಡಿಸಿತು. ಮಣ್ಣಿನ ಕುಡಿಕೆಯಲ್ಲಿ ಕೊಡುವ ಜುಜು ಧೌ ಎಂಬ ಗಟ್ಟಿ ಸಿಹಿ ಮೊಸರು ತಿಂದು, ನ್ಯಾತಪೋಲದ ಮೆಟ್ಟಿಲೇರಿದೆ. 1702ರ ಈ ಐದು ಮಾಳಿಗೆಯ ಗುಡಿ 1934ರ ಭೂಕಂಪವನ್ನೂ 2015ರದ್ದನ್ನೂ ತಡೆದು ನಿಂತಿದೆ. ಪಕ್ಕದ ಅರಮನೆ ಚೌಕದ ತಲೇಜು ಭವಾನಿಯ ಕಥೆ ನಮಗೆ ಸಂಬಂಧಪಟ್ಟದ್ದು. 1097ರಲ್ಲಿ ನಾನ್ಯದೇವ ಎಂಬಾತ ತೆರಾಯಿ ಎಂಬ ಬಯಲು ಸೀಮೆಯ ಸಿಮ್ರೌನ್‌ಗಢದಿಂದ ಮಿಥಿಲೆ ಆಳತೊಡಗಿದ. ಅವನ ಮನೆತನಕ್ಕೆ ಇತಿಹಾಸದಲ್ಲಿ ಕರ್ನಾಟ ವಂಶವೆಂದೇ ಹೆಸರು. ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಹೋದವರು ಅಲ್ಲೇ ನೆಲೆನಿಂತರು ಎನ್ನುತ್ತಾರೆ. ಆ ವಂಶದ ಕೊನೆಯ ಅರಸ ಹರಿಸಿಂಹದೇವ 1324ರ ಸುಮಾರಿಗೆ ತುಘಲಕನ ದಾಳಿಗೆ ಸಿಕ್ಕು ಬೆಟ್ಟದತ್ತ ಓಡಿದಾಗ ಅವನ ಪರಿವಾರ ಹೊತ್ತುತಂದ ದೇವಿಯೇ ತಲೇಜು ಎಂಬುದು ಅಲ್ಲಿಯ ನಂಬಿಕೆ. ಮಲ್ಲ ಅರಸರಂತೂ ತಾವು ಅವನ ಕುಲದವರೆಂದೇ ಹೇಳಿಕೊಂಡರು. ಬಾಗಿಲ ಕಾವಲಿನ ಸೈನಿಕನಿಗೆ ನಾನು ಕರ್ನಾಟಕದವಳು ಎಂದೆ. “ಒಳಗೆ ಹಿಂದೂಗಳಿಗೆ ಮಾತ್ರ, ಫೋಟೊ ಮನಾ” ಎಂದ. ನಮ್ಮ ವಂಶದ ಹಕ್ಕುಬಾಧ್ಯತೆ ಅಷ್ಟಕ್ಕೇ ಮುಗಿಯಿತು.

ಅಷ್ಟರಲ್ಲಿ ದಶೈನ್ ಬಂತು. ನಮ್ಮ ದಸರೆಯೇ, ಆದರೆ ಇಡೀ ದೇಶ ಕೆಲಸ ಬಿಟ್ಟು ಊರಿಗೆ ಹೋಗುತ್ತದೆ. ಆಕಾಶದ ತುಂಬ ಗಾಳಿಪಟ, ರಸ್ತೆಯಲ್ಲಿ ಕುರಿ ಮೇಕೆ ತುಂಬಿದ ಲಾರಿ. ಘಟಸ್ಥಾಪನೆಯ ದಿನ ಕತ್ತಲ ಕೋಣೆಯಲ್ಲಿ ಬಿತ್ತಿದ ಬಾರ್ಲಿ ಹಳದಿ ಮೊಳಕೆಯೊಡೆದು ‘ಜಮರಾ’ ಆಗುತ್ತದೆ. ವಿಜಯದಶಮಿಯಿಂದ ಹುಣ್ಣಿಮೆವರೆಗೆ ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿದ ಟಿಕಾ ಮೆತ್ತಿ, ಜಮರಾವನ್ನು ಕಿವಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲಿ ಬನ್ನಿ ಕೊಡುವ ಹಾಗೆ. ಹಿರಿಯರ ಕೈ ಬೇಕೇಬೇಕಾದ ಹಬ್ಬ ಇದು.

ಬಾಲಗೃಹದಲ್ಲಿ ಹಬ್ಬಕ್ಕೆ ವಾರವಿರುವಾಗಲೇ ಬ್ಯಾಗುಗಳು ಕಾರಿಡಾರಿಗೆ ಬಂದವು. ಒಬ್ಬಳನ್ನು ಕರೆದೊಯ್ಯಲು ಧಾದಿಂಗ್‌ನಿಂದ ಸೋದರಮಾವ ಬಂದ. ಅಣ್ಣತಮ್ಮಂದಿರಿಬ್ಬರನ್ನು ಸಮಾಜ ಕಾರ್ಯಕರ್ತ ಬಸ್ಸಿನಲ್ಲಿ ಕೂರಿಸಿಕೊಂಡು ಅಜ್ಜಿಯ ಊರಿಗೆ ಹೊರಟ. ನನ್ನ ತೊಡೆ ಏರಿದ್ದ ಹುಡುಗಿಯನ್ನು ಕರೆಯಲು ಅವಳ ಅಕ್ಕ ಬಂದಾಗ, ಅವಳು ದೀದಿಯ ಹಿಂದೆ ಅಡಗಿ ಆಗಾಗ ಇಣುಕಿದಳು. ಗೊತ್ತಿಲ್ಲದ ನನ್ನ ಹತ್ತಿರ ಓಡಿಬಂದಿದ್ದವಳಿಗೆ ಗೊತ್ತಿರಬೇಕಾದವರ ಹತ್ತಿರ ಹೋಗಲು ಒಂದು ಮಧ್ಯಾಹ್ನವೇ ಬೇಕಾಯಿತು. ಹೀಗೆ ಅನಾಥಾಲಯ ಖಾಲಿಯಾಯಿತು. ನಿಜಕ್ಕೂ ಯಾರೂ ಇಲ್ಲದ ಮಕ್ಕಳೂ ಇದ್ದರು, ಬೆರಳೆಣಿಕೆಯಷ್ಟು. ಅವರಿಗೆ ದೀದಿಯ ಮನೆಯಲ್ಲೇ ಟಿಕಾ. ಜುಮ್ಲಾದ ಒಬ್ಬ ಹುಡುಗ ಉಳಿದ. ಅಪ್ಪ ತಾನೇ ಬರುತ್ತೇನೆಂದು ಫೋನು ಮಾಡಿದ್ದ.

ಆ ಬಿಡುವಿನಲ್ಲಿ ನಾನು ಪೋಖರಾಗೆ ಹೋದೆ. ಪೃಥ್ವಿ ಹೆದ್ದಾರಿ ಹಿಡಿದು ಅಲ್ಲಿಗೆ ಸುಮಾರು ಇನ್ನೂರು ಕಿಲೋಮೀಟರ್, ಹಿಡಿಯುವುದು ಇಡೀ ದಿನ. ಒಂದು ಪಕ್ಕ ತ್ರಿಶೂಲಿ, ಇನ್ನೊಂದು ಪಕ್ಕ ಕುಸಿಯಲು ಸಿದ್ಧವಾದ ಗುಡ್ಡ. ಬೆಳಗಿನ ಜಾವ ಸಾರಂಗಕೋಟ್ ಗುಡ್ಡಕ್ಕೆ ಹೋದವರು ಅನ್ನಪೂರ್ಣದ ಸಾಲು ಕೆಂಪಾಗುವುದನ್ನು ನೋಡಬಹುದು ಎಂದು ಎಲ್ಲರೂ ಬರೆಯುತ್ತಾರೆ, ನಾನು ಬೇರೆ ಹೇಳುವುದಿಲ್ಲ. ನನಗೆ ದಂಗುಬಡಿಸಿದ್ದು ಊರ ಮಧ್ಯದಿಂದ ಕಾಣುವ ಮಾಛಾಪುಛ್ರೆ. 6,993 ಮೀಟರಿನ ಆ ಮೊನೆ ತರಕಾರಿ ಅಂಗಡಿಯ ತಗಡಿನ ಮೇಲೆಯೇ ಕೂತಂತಿತ್ತು. 1957ರಲ್ಲಿ ಬ್ರಿಟಿಷ್ ತಂಡವೊಂದು ಹತ್ತಿ, ಪವಿತ್ರ ಶಿಖರವೆಂದು ತುದಿಗೆ ಸ್ವಲ್ಪ ಕೆಳಗೇ ನಿಂತು ವಾಪಸಾಯಿತು. ಆಮೇಲೆ ಹತ್ತಲು ಯಾರಿಗೂ ಅನುಮತಿ ಇಲ್ಲ. ಫೇವಾ ಕೆರೆಯಲ್ಲಿ ದೋಣಿ ಹತ್ತಿ ತಾಲ್ ಬಾರಾಹಿ ಗುಡಿಗೆ ಹೋಗಿ ಬಂದೆ. ಬೀದಿಯಲ್ಲಿ “ಅನಾಥಾಲಯ ಭೇಟಿ, ಅರ್ಧ ದಿನ” ಎಂಬ ಚೀಟಿಯೊಂದು ಪ್ಯಾರಾಗ್ಲೈಡಿಂಗ್ ಚೀಟಿಯ ಕೆಳಗೇ ಅಂಟಿಸಿತ್ತು.

ವಾಪಸ್ ಬಂದಾಗ ಜುಮ್ಲಾದ ಅಪ್ಪ ಆಗಷ್ಟೇ ಬಂದು ಜಗಲಿಯಲ್ಲಿ ಕೂತಿದ್ದ. ದಾರಿಯಲ್ಲಿ ಗುಡ್ಡ ಕುಸಿದು ತಡವಾಗಿತ್ತು. ಪುಣ್ಯಕ್ಕೆ ಹುಣ್ಣಿಮೆ ಇನ್ನೂ ಕಳೆದಿರಲಿಲ್ಲ. ಒಣಕಲು ಮನುಷ್ಯ, ತಲೆಗೆ ಢಾಕಾ ಟೋಪಿ, ಕಾಲಲ್ಲಿ ಸವೆದುಹೋದ ರಬ್ಬರ್ ಚಪ್ಪಲಿ. ಇವನ ಹೆಸರಿನ ಮುಂದೆ ಕಾಗದದಲ್ಲಿದ್ದ ‘ಮೃತ’ವನ್ನು ಮೊದಲ ಕಾಲಂನಲ್ಲಿ ನಾನೇ ಟೈಪ್ ಮಾಡಿದ್ದೆ. ಮಗನಿಗೆ ಹತ್ತು ವರ್ಷ. ದಲ್ಲಾಳಿಯ ಕೈಗೆ ಕೊಟ್ಟಾಗ ಮೂರು. ಅಪ್ಪ ತನ್ನ ಸೀಮೆಯ ಮಾತಿನಲ್ಲಿ ಏನೋ ಕೇಳಿದ, ಹುಡುಗ ಶಾಲೆಯ ನೇಪಾಳಿಯಲ್ಲಿ ‘ಹಜೂರ್’ ಎಂದು ಉತ್ತರಿಸಿದ, ಹೆಡ್‌ಮಾಸ್ಟರರ ಎದುರು ನಿಂತವನ ಹಾಗೆ. ದೀದಿ ನಡುವೆ ಬಾಯಿ ಹಾಕಲಿಲ್ಲ. ತಟ್ಟೆಯಲ್ಲಿ ಟಿಕಾ ತಂದಿಟ್ಟು ಒಳಗೆ ಹೋದರು. ಅಪ್ಪನ ಬೆರಳು ನಡುಗಿ ಅರ್ಧ ಅಕ್ಕಿ ಹುಡುಗನ ಮೂಗಿನ ಮೇಲೆ ಬಿತ್ತು, ಅದಕ್ಕೆ ಹುಡುಗ ಕಿಸಕ್ಕೆಂದ. ಆಮೇಲೆ ಅಪ್ಪ ಚೀಲ ಬಿಚ್ಚಿ ಊರಿನ ಸಿಮಿ ಕಾಳು ಸುರಿದ: ಕಪ್ಪು, ಕೆಂಪು, ಬಿಳಿ, ಹಳದಿ, ಚುಕ್ಕಿಯದ್ದು, ಎಲ್ಲ ಬೆರಕೆ. ಜುಮ್ಲಾದಲ್ಲಿ ಅದನ್ನು ಬೇರೆ ಮಾಡದೆ ಹಾಗೇ ಬೇಯಿಸುತ್ತಾರಂತೆ. ಹುಡುಗ ಮಾತಿಗೆ ದಾರಿ ಕಾಣದೆ ಕಾಳುಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸತೊಡಗಿದ, ಅಪ್ಪನೂ ಕೈ ಹಾಕಿದ. ಸಂಜೆಗೆ ಮತ್ತೆ ಎಲ್ಲ ಒಂದೇ ಪಾತ್ರೆಗೆ ಹೋಯಿತೆನ್ನಿ.

ಮಗನನ್ನು ಅಂದೇ ಕರೆದೊಯ್ಯಲಿಲ್ಲ. ನನಗೆ ಸಿಟ್ಟೇ ಬಂತು. ಅಪ್ಪ ಇದ್ದಾನೆ, ಮಗ ಇದ್ದಾನೆ, ಇನ್ನೇನು ಬೇಕು? ದೀದಿ ಸಮಾಧಾನವಾಗಿ ಹೇಳಿದರು: ಮೊದಲು ವಾರ್ಡಿನಲ್ಲಿ ಜನನ ದಾಖಲೆ ಸರಿಯಾಗಬೇಕು, ಅಲ್ಲಿಯ ಶಾಲೆಯಲ್ಲಿ ಸೀಟು ಸಿಗಬೇಕು, ಹುಡುಗ ರಜೆಯಲ್ಲೊಮ್ಮೆ ಹೋಗಿ ಇದ್ದು ನೋಡಬೇಕು, ಹೋದ ಮೇಲೂ ಯಾರಾದರೂ ವರ್ಷವಿಡೀ ವಿಚಾರಿಸುತ್ತಿರಬೇಕು. ದಾನಿಗಳು ಮಗುವನ್ನು ನಿಲಯದಲ್ಲಿಡಲು ದುಡ್ಡು ಕೊಡುತ್ತಾರೆ, ಬಸ್ ಚಾರ್ಜಿಗೆ ಕೊಡುವುದಿಲ್ಲ ಎಂದು ಅವರು ಗೊಣಗಿದ್ದು ಅದೇ ದಿನ. ಬಣ್ಣ ಬಳಿಯಲು, ಇಂಗ್ಲಿಷ್ ಹಾಡು ಕಲಿಸಲು ಜನ ಸಾಲುಗಟ್ಟುತ್ತಾರೆ. ವಾರ್ಡ್ ಕಚೇರಿಯ ಬೆಂಚಿನ ಮೇಲೆ ಕಾಯಲು ಯಾರೂ ಬರುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೋಗಬೇಕೆಂದಿರುವವರು ಕೇಳಿದರೆ ನಾನೂ ಇದನ್ನೇ ಹೇಳುವುದು: ಹೋಗುವುದಾದರೆ ಬೆಂಚಿನ ಕೆಲಸಕ್ಕೆ ಹೋಗಿ, ಇಲ್ಲದಿದ್ದರೆ ಪೋಖರಾ ನೋಡಿ ಬನ್ನಿ. ಅದರಲ್ಲೇನೂ ತಪ್ಪಿಲ್ಲ.

ನಾನು ಹೊರಡುವಾಗ ಕಡತ ಮುಗಿದಿರಲಿಲ್ಲ. ಪಾಟನ್ ಕಾಲೇಜಿನ ಹುಡುಗಿಯೊಬ್ಬಳಿಗೆ ಒಪ್ಪಿಸಿದೆ, ಅವಳ ನೇಪಾಳಿ ಟೈಪಿಂಗ್ ನನ್ನದಕ್ಕಿಂತ ಎಷ್ಟೋ ವಾಸಿ. ಊರಿಗೆ ಬಂದ ಮೇಲೂ ಆಗೀಗ ಏನಾದರೂ ಕೇಳಿ ಮೆಸೇಜ್ ಬರುತ್ತಿತ್ತು. 2020ರ ಮಾರ್ಚ್‌ನಲ್ಲಿ ನೇಪಾಳದಲ್ಲೂ ಲಾಕ್‌ಡೌನ್ ಆದಾಗ ದೀದಿಯದೇ ಫೋನು. ಹಿನ್ನೆಲೆಯಲ್ಲಿ ಮಕ್ಕಳ ಗದ್ದಲ. ಜುಮ್ಲಾದ ಹುಡುಗ ಹೇಗಿದ್ದಾನೆ ಎಂದೆ. ಪರೀಕ್ಷೆ ಮುಗಿಸಿ ಅಪ್ಪನ ಜೊತೆ ಆಗಲೇ ಊರಿಗೆ ಹೋಗಿದ್ದಾನೆ, ಇನ್ನು ಅಲ್ಲೇ ಇರಬೇಕಾದೀತು ಎಂದರು. ಆದರೆ ಅವರು ಫೋನು ಮಾಡಿದ್ದು ಅದಕ್ಕಲ್ಲ. ಎಲ್ಲ ಮಕ್ಕಳ ಮನೆಯವರಿಗೂ ಇವತ್ತೇ ಫೋನು ಮಾಡಿ ಸುದ್ದಿ ತಿಳಿಸಬೇಕು, ಕಾಲೇಜಿನ ಹುಡುಗಿ ಸಿಗುತ್ತಿಲ್ಲ, ನಂಬರುಗಳು ಎಲ್ಲಿವೆ? ಮೂರನೇ ಶೀಟು, ಎಚ್ ಕಾಲಂ ಎಂದೆ. ಕತಾರಿನ ನಂಬರಿಗೆ ಮಾತ್ರ ಮುಂದೆ 974 ಸೇರಿಸಿಕೊಳ್ಳಿ ಎಂದೆ.